ಬರ ಬಂದ ಮರುವರ್ಷವೇ ಡೆಂಗಿ ಯಾಕೆ ಉಕ್ಕಿತು?

ಮಳೆ ಜಾಸ್ತಿ ಆದರೆ ಸೊಳ್ಳೆ ಜಾಸ್ತಿ. ನಮ್ಮಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು. ಪೂರ್ತಿ ಸುಳ್ಳೇನಲ್ಲ. ಆದರೆ 2024ರಲ್ಲಿ ಕರ್ನಾಟಕದಲ್ಲಿ ಆದದ್ದನ್ನು ಈ ಒಂದು ಮಾತಿನಲ್ಲಿ ವಿವರಿಸಲು ಹೋದರೆ ಲೆಕ್ಕ ಕೂಡಿಬರುವುದಿಲ್ಲ.

ಅದರ ಹಿಂದಿನ ವರ್ಷ, 2023ರಲ್ಲಿ, ಮುಂಗಾರು ಕೈಕೊಟ್ಟಿತ್ತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತು. 2024ರ ಮಾರ್ಚ್ ಹೊತ್ತಿಗೆ ಬೆಂಗಳೂರಿನಲ್ಲಿ ಬೋರ್‌ವೆಲ್‌ಗಳು ಬತ್ತಿದ್ದವು. ಜನ ಟ್ಯಾಂಕರ್ ದಾರಿ ಕಾಯುತ್ತಿದ್ದರು. ಏಪ್ರಿಲ್ 28ರಂದು ನಗರದ ಉಷ್ಣಾಂಶ 38.5 ಡಿಗ್ರಿ ಮುಟ್ಟಿತು. ಮೇ ತಿಂಗಳಲ್ಲಿ ಬಿಟ್ಟು ಬಿಟ್ಟು ಮಳೆ ಬಂತು. ಜೂನ್ 2ರಂದು ಒಂದೇ ದಿನ 111 ಮಿಲಿಮೀಟರ್ ಸುರಿದು, ಜೂನ್ ತಿಂಗಳ ಒಂದು ದಿನದ ಮಳೆಯಲ್ಲಿ 1891ರ ದಾಖಲೆಯನ್ನೇ ಮುರಿಯಿತು. ಅಲ್ಲಿಂದ ನಾಲ್ಕೈದು ವಾರದಲ್ಲಿ ಡೆಂಗಿ ಜ್ವರದ ಸುದ್ದಿ ಎಲ್ಲ ಕಡೆ ಹಬ್ಬಿತು. ಸೆಪ್ಟೆಂಬರ್ ಆರಂಭದ ಹೊತ್ತಿಗೆ ರಾಜ್ಯದಲ್ಲಿ 25 ಸಾವಿರಕ್ಕೂ ಹೆಚ್ಚು ಪ್ರಕರಣಗಳು. ಅರ್ಧಕ್ಕೆ ಹತ್ತಿರದಷ್ಟು ಬೆಂಗಳೂರಿನವೇ.

ಬರ, ಸೆಖೆ, ಬಿಡುವು ಕೊಟ್ಟು ಬಂದ ಮಳೆ, ಆಮೇಲೆ ಜ್ವರ. ಈ ಸರದಿಯನ್ನು ಗಮನಿಸಿ. ಒಂದು ವರ್ಷದಲ್ಲಿ ಒಟ್ಟು ಎಷ್ಟು ಮಳೆ ಬಂತು ಎಂಬ ಅಂಕಿ ಸೊಳ್ಳೆಯ ಬಗ್ಗೆ ಹೇಳುವುದು ಬಹಳ ಕಡಿಮೆ. ಮಳೆಗೂ ಮಳೆಗೂ ನಡುವೆ ಎಷ್ಟು ದಿನ ಬಿಡುವಿತ್ತು, ಆ ಬಿಡುವಿನಲ್ಲಿ ಎಷ್ಟು ಸೆಖೆಯಿತ್ತು, ಆ ದಿನಗಳಲ್ಲಿ ಜನ ನೀರನ್ನು ಎಲ್ಲಿ ತುಂಬಿಟ್ಟಿದ್ದರು ಎಂಬುದರಲ್ಲಿ ಸೊಳ್ಳೆಯ ಲೆಕ್ಕವಿದೆ. ಈ ಲೆಕ್ಕ ಗೊತ್ತಾದರೆ ಜ್ವರ ಬರುವ ಒಂದು ತಿಂಗಳ ಮೊದಲೇ ನಮಗೆ ಸುಳಿವು ಸಿಗುತ್ತದೆ. ಆ ಒಂದು ತಿಂಗಳನ್ನು ನಾವು ವರ್ಷ ವರ್ಷವೂ ಕೈಬಿಡುತ್ತಿದ್ದೇವೆ ಎಂಬುದೇ ನನ್ನ ಸಂಕಟ.

ಡ್ರಮ್ಮಿನ ಒಳಗೋಡೆ

ಡೆಂಗಿ ಹರಡುವುದು ಮುಖ್ಯವಾಗಿ ಈಡಿಸ್ ಈಜಿಪ್ಟೈ ಎಂಬ ಸೊಳ್ಳೆ. ಕಪ್ಪು ಮೈ, ಕಾಲಿನ ಮೇಲೆ ಬಿಳಿ ಪಟ್ಟೆ. ಚಿಕೂನ್‌ಗುನ್ಯಾ, ಝೀಕಾ ಹರಡುವುದೂ ಇದೇ. ಇದು ಕೊಳಚೆಯ ಸೊಳ್ಳೆ ಅಲ್ಲವೇ ಅಲ್ಲ. ಇದಕ್ಕೆ ಬೇಕಾದದ್ದು ನಾವು ತುಂಬಿಟ್ಟುಕೊಳ್ಳುವಂಥ ತಿಳಿನೀರು: ಬಚ್ಚಲ ಮನೆಯ ತೊಟ್ಟಿ, ಸಂಪು, ಮುಚ್ಚಳ ಸರಿಯಿಲ್ಲದ ಸಿಂಟೆಕ್ಸ್ ಟ್ಯಾಂಕು, ನೀಲಿ ಬಣ್ಣದ ಪ್ಲಾಸ್ಟಿಕ್ ಡ್ರಮ್ಮು.

ಆ ಡ್ರಮ್ಮನ್ನೇ ಹತ್ತಿರದಿಂದ ನೋಡೋಣ. ಹೆಣ್ಣು ಸೊಳ್ಳೆ ನೀರಿನ ಮೇಲೆ ಮೊಟ್ಟೆ ಇಡುವುದಿಲ್ಲ. ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ತೇವ ಇರುವ ಒಳಗೋಡೆಗೆ ಒಂದೊಂದಾಗಿ ಅಂಟಿಸುತ್ತದೆ. ಒಂದು ಸಲಕ್ಕೆ ನೂರರಷ್ಟು. ಇಡುವಾಗ ಬಿಳಿ, ಆಮೇಲೆ ಕಪ್ಪು. ಬರಿಗಣ್ಣಿಗೆ ಮಸಿಯ ಚುಕ್ಕೆಗಳ ಹಾಗೆ ಕಾಣುತ್ತವೆ, ಬಹಳ ಜನ ಅದನ್ನು ಕೊಳೆ ಅಂದುಕೊಳ್ಳುತ್ತಾರೆ. ನೀರು ಖರ್ಚಾಗಿ ಡ್ರಮ್ಮು ಒಣಗಿದರೂ ಈ ಮೊಟ್ಟೆಗಳು ಸಾಯುವುದಿಲ್ಲ. ತಿಂಗಳುಗಟ್ಟಲೆ ಹಾಗೇ ಅಂಟಿಕೊಂಡಿರುತ್ತವೆ. ಮತ್ತೆ ನೀರು ತುಂಬಿ ಮಟ್ಟ ಮೇಲೇರಿ ಮೊಟ್ಟೆಯನ್ನು ಮುಳುಗಿಸಿದರೆ ಸಾಕು, ಲಾರ್ವಾ, ಅಂದರೆ ಮರಿಹುಳು, ಹೊರಬರುತ್ತದೆ. ಲಾರ್ವಾ, ಪ್ಯೂಪಾ, ರೆಕ್ಕೆ ಬಂದ ಸೊಳ್ಳೆ: ಬೆಚ್ಚನೆಯ ದಿನಗಳಲ್ಲಿ ಏಳರಿಂದ ಹತ್ತು ದಿನದ ಕೆಲಸ. ತಂಪಾಗಿದ್ದರೆ ಎರಡು ಮೂರು ವಾರ ಹಿಡಿಯುತ್ತದೆ.

ಹಾಗಾಗಿ ಬರಗಾಲ ಬಂದರೆ ಈಡಿಸ್‌ಗೆ ಕಷ್ಟ ಎಂದುಕೊಳ್ಳುವ ಹಾಗಿಲ್ಲ. ನದಿ, ಕೆರೆ, ಹೊಂಡ ಬತ್ತಿದರೆ ಬೇರೆ ಸೊಳ್ಳೆಗಳಿಗೆ ತೊಂದರೆಯಾಗಬಹುದು. ಈಡಿಸ್‌ಗೆ ನೀರು ಒದಗಿಸುವವರು ನಾವೇ. ನಲ್ಲಿಯಲ್ಲಿ ದಿನಾ ನೀರು ಬಂದರೆ ಯಾರೂ ಡ್ರಮ್ಮು ತುಂಬಿಡುವುದಿಲ್ಲ. ಹುಬ್ಬಳ್ಳಿ-ಧಾರವಾಡದ ಎಷ್ಟೋ ಬಡಾವಣೆಗಳಲ್ಲಿ ನೀರು ಬರುವುದು ವಾರಕ್ಕೊಮ್ಮೆ. ಅಲ್ಲಿನ ಮನೆಗಳಲ್ಲಿ ಅಡುಗೆಗೆ ಬೇರೆ, ಬಟ್ಟೆಗೆ ಬೇರೆ, ಸ್ನಾನಕ್ಕೆ ಬೇರೆ ಅಂತ ಪಾತ್ರೆ, ಬ್ಯಾರಲ್ಲು, ತೊಟ್ಟಿ ತುಂಬಿರುತ್ತವೆ. ಒಂದು ನೀರಿಗೂ ಮುಂದಿನ ನೀರಿಗೂ ನಡುವೆ ಇರುವ ಆ ಏಳೆಂಟು ದಿನ ಸೊಳ್ಳೆಯ ಒಂದು ತಲೆಮಾರಿಗೆ ಸರಿಯಾಗಿ ಹೊಂದುತ್ತದೆ. ಇದು ಆ ಮನೆಯವರ ತಪ್ಪು ಅಂತ ನಾನು ಒಪ್ಪುವುದಿಲ್ಲ. ನೀರು ಯಾವಾಗ ಬರುತ್ತದೋ ಗೊತ್ತಿಲ್ಲದವರು ತುಂಬಿಡದೆ ಇನ್ನೇನು ಮಾಡಬೇಕು?

ಈ ಮಾತಿಗೆ ಹೊರಗಿನಿಂದಲೂ ಸಾಕ್ಷಿಯಿದೆ. ಕೆರಿಬಿಯನ್‌ನ ಬಾರ್ಬಡೋಸ್ ದ್ವೀಪದ ಡೆಂಗಿ ಮತ್ತು ಹವಾಮಾನದ ದಾಖಲೆಗಳನ್ನು ಕೂಡಿಸಿ ನೋಡಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ತೀವ್ರ ಬರ ಬಿದ್ದ ನಾಲ್ಕೈದು ತಿಂಗಳಿಗೆ ಡೆಂಗಿಯ ಅಪಾಯ ಏರುತ್ತದೆ, ಜಾಸ್ತಿ ಮಳೆ ಬಿದ್ದರೆ ಒಂದೆರಡು ತಿಂಗಳಿಗೆ ಏರುತ್ತದೆ ಎಂದು ಅದು ಕಂಡುಕೊಂಡಿತು. ಬರದಲ್ಲಿ ಜನ ನೀರು ಕೂಡಿಡುತ್ತಾರೆ, ಆ ಪಾತ್ರೆಗಳಲ್ಲಿ ಮೊಟ್ಟೆ ಸೇರುತ್ತದೆ. ಆಮೇಲೆ ಮಳೆ ಬಂದಾಗ ಹೊರಗಿನ ಟೈರು, ಚಿಪ್ಪುಗಳೂ ಲೆಕ್ಕಕ್ಕೆ ಸೇರುತ್ತವೆ. 2024ರ ಬೆಂಗಳೂರಿನಲ್ಲಿ ಎರಡೂ ಒಂದರ ಹಿಂದೆ ಒಂದು ಬಂದವು. ಒಂದೇ ವರ್ಷದ ಘಟನೆಯಿಂದ ಕಾರಣ ಸಾಬೀತಾಗುವುದಿಲ್ಲ, ನಿಜ. ಆದರೆ ಸರದಿ ಹೊಂದುತ್ತದೆ.

ಒಂದೇ ಮಳೆ, ಎರಡು ಸೊಳ್ಳೆ

ಬೆಂಗಳೂರಿಗರನ್ನು ಕೇಳಿ ನೋಡಿ, ಸೊಳ್ಳೆ ಕಾಟ ಯಾವಾಗ ಜಾಸ್ತಿ ಅಂತ. ಫೆಬ್ರುವರಿ, ಮಾರ್ಚ್ ಎನ್ನುತ್ತಾರೆ. ಸಂಜೆ ಕಿಟಕಿ ತೆಗೆಯುವ ಹಾಗಿರುವುದಿಲ್ಲ. ಅದು ಕ್ಯುಲೆಕ್ಸ್ ಸೊಳ್ಳೆ. ರಾಜಕಾಲುವೆಯಲ್ಲಿ, ಮೋರಿಯಲ್ಲಿ ಕೊಳಚೆ ಹರಿಯದೆ ನಿಂತಾಗ ಹೆಚ್ಚುತ್ತದೆ. ರಾತ್ರಿ ಕಚ್ಚುತ್ತದೆ, ಕಿವಿಯ ಹತ್ತಿರ ಗುಂಯ್‌ಗುಡುತ್ತದೆ. ಕಲಬುರಗಿ, ಯಾದಗಿರಿ ಕಡೆ ಆನೆಕಾಲು ರೋಗ ಹರಡುವುದು ಈ ಜಾತಿಯದ್ದೇ ಸೊಳ್ಳೆ.

ಜೋರು ಮಳೆ ಬಂದರೆ ಮೋರಿ ಕೊಚ್ಚಿ ಹೋಗುತ್ತದೆ. ಕ್ಯುಲೆಕ್ಸ್ ಕಡಿಮೆಯಾಗುತ್ತದೆ. ಅಬ್ಬ, ಸೊಳ್ಳೆ ಕಡಿಮೆ ಆಯ್ತು ಅಂತ ಜನ ನಿಟ್ಟುಸಿರು ಬಿಡುವ ಹೊತ್ತಿಗೇ ಈಡಿಸ್‌ನ ಕಾಲ ಶುರುವಾಗಿರುತ್ತದೆ. ಅದು ಹಗಲು ಕಚ್ಚುತ್ತದೆ, ಬೆಳಿಗ್ಗೆ ಮತ್ತು ಸಂಜೆಗೆ ಮುಂಚೆ. ಸದ್ದು ಕಡಿಮೆ. ಒಂದು ಗಂಟು ಗೊತ್ತಾಗುವಷ್ಟರಲ್ಲಿ ಇನ್ನೊಬ್ಬರನ್ನು ಕಚ್ಚಿರುತ್ತದೆ. ಸಂಖ್ಯೆಯಲ್ಲಿ ಕಡಿಮೆಯಿದ್ದರೂ ಹಾನಿ ಜಾಸ್ತಿ. ಪಾಲಿಕೆಗೆ ಸೊಳ್ಳೆ ದೂರು ಬರುವ ತಿಂಗಳಿಗೂ ಡೆಂಗಿ ಬರುವ ತಿಂಗಳಿಗೂ ತಾಳೆಯಾಗದೆ ಇರುವುದು ಇದಕ್ಕೇ. ದೂರಿನ ಬೆನ್ನು ಹತ್ತಿ ಹೊಗೆ ಹೊಡೆದರೆ ಬೇರೆಯೇ ಸೊಳ್ಳೆಗೆ ಹೊಡೆದ ಹಾಗಾಗುತ್ತದೆ.

ಈಡಿಸ್‌ಗೂ ಎಲ್ಲ ಮಳೆ ಒಂದೇ ಅಲ್ಲ. ಜಡಿಮಳೆ ಎಡೆಬಿಡದೆ ಹೊಡೆದರೆ ಟೈರು, ಡಬ್ಬ, ಹೂಕುಂಡದ ತಟ್ಟೆ ತುಂಬಿ ಹರಿದು ಲಾರ್ವಾ ಹೊರಗೆ ಬೀಳುತ್ತದೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ಸೋಫಿಯಾ ಯಾಕೂಬ್, ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2025ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಅಂಕಿಯಲ್ಲಿ ತೋರಿಸುತ್ತದೆ. ಪುಣೆಯಲ್ಲಿ ವಾರಕ್ಕೆ 150 ಮಿಲಿಮೀಟರ್‌ವರೆಗಿನ ಮಳೆ ಡೆಂಗಿ ಸಾವುಗಳನ್ನು ಹೆಚ್ಚಿಸುತ್ತದೆ, ಅದಕ್ಕೂ ಮೀರಿ ಸುರಿದರೆ ಲಾರ್ವಾ ಕೊಚ್ಚಿಹೋಗಿ ಸಾವು ಇಳಿಯುತ್ತದೆ. ಮುಂಗಾರಿನಲ್ಲಿ ಉಷ್ಣಾಂಶ 27 ಡಿಗ್ರಿ ದಾಟಿ, ಗಾಳಿಯ ತೇವಾಂಶ ಶೇ 60ರಿಂದ 78ರೊಳಗೆ ಇದ್ದು, ಮಳೆ ಹದವಾಗಿ ಹಂಚಿಬಿದ್ದರೆ ಅದೇ ಕೆಟ್ಟ ಕೂಟ. ಪುಣೆಯ ಅಂಕಿಯನ್ನು ಹಾಗೇ ತಂದು ಮಂಗಳೂರಿಗೋ ಬೀದರ್‌ಗೋ ಹಚ್ಚಲು ಬರುವುದಿಲ್ಲ. ಆದರೆ ದಖ್ಖನ್ ಪ್ರಸ್ಥಭೂಮಿಯ ಮೇಲೆಯೇ ಇರುವ ಪುಣೆ ನಮ್ಮ ಬೆಳಗಾವಿ, ಧಾರವಾಡಕ್ಕೆ ದೂರದ ಊರೇನಲ್ಲ.

ಇಲ್ಲಿ ನಮ್ಮ ರೈತರ ಮಳೆ ಲೆಕ್ಕ ನೆನಪಾಗುತ್ತದೆ. ಏಪ್ರಿಲ್ ಕೊನೆಗೆ ಭರಣಿ, ಮೇ ನಡುವಿಗೆ ಕೃತ್ತಿಕಾ, ಮೇ ಕೊನೆಗೆ ರೋಹಿಣಿ. ಈ ಮಳೆಗಳು ಒಂದು ಸಂಜೆ ಜೋರಾಗಿ ಹೊಡೆದು ಆಮೇಲೆ ನಾಲ್ಕು, ಆರು, ಎಂಟು ದಿನ ಬಿಸಿಲು ಬಿಡುತ್ತವೆ. ಈಡಿಸ್‌ಗೆ ಇದಕ್ಕಿಂತ ಒಳ್ಳೆಯ ದಿನಗಳಿಲ್ಲ: ಬಿದ್ದ ನೀರು ನಿಂತಿದೆ, ಸೆಖೆ ಇದೆ, ಕೊಚ್ಚಿಕೊಂಡು ಹೋಗುವ ಮಳೆ ಇನ್ನೂ ಬಂದಿಲ್ಲ. ಕರಾವಳಿಯಲ್ಲಿ ಆ ಹೊತ್ತಿಗೆ ತೋಟದಲ್ಲಿ ಬಿದ್ದ ಅಡಿಕೆ ಹಾಳೆಯ ಮಡಿಕೆಯಲ್ಲಿ, ರಬ್ಬರ್ ಹಾಲು ಹಿಡಿಯುವ ಚಿಪ್ಪಿನಲ್ಲಿ, ಎಳನೀರಿನ ಬುರುಡೆಯಲ್ಲಿ ಒಂದು ಲೋಟದಷ್ಟು ನೀರು ನಿಂತಿರುತ್ತದೆ. ಅಲ್ಲಿ ಈಡಿಸ್ ಅಲ್ಬೊಪಿಕ್ಟಸ್ ಎಂಬ ಇನ್ನೊಂದು ಸೊಳ್ಳೆಯ ಕಾರುಬಾರು. ಊರೊಳಗೆ ಈಜಿಪ್ಟೈ, ತೋಟದಲ್ಲಿ ಅಲ್ಬೊಪಿಕ್ಟಸ್. ಡೆಂಗಿ ಪೇಟೆಯ ಕಾಯಿಲೆ ಎಂದುಕೊಂಡು ತೋಟದ ಮನೆಯವರು ಉದಾಸೀನ ಮಾಡುವ ಹಾಗಿಲ್ಲ.

ಒಂದು ಡಿಗ್ರಿಯ ಬೆಲೆ ಎಲ್ಲ ಊರಿಗೂ ಒಂದೇ ಅಲ್ಲ

ಭೂಮಿ ಬಿಸಿಯಾಗುತ್ತಿದೆ, ಸೊಳ್ಳೆ ಹೆಚ್ಚುತ್ತದೆ ಎಂಬ ಸಾಲು ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಸೊಳ್ಳೆಯ ಮೈ ತನ್ನದೇ ಶಾಖ ಇಟ್ಟುಕೊಳ್ಳುವುದಿಲ್ಲ. ಹೊರಗೆ ಎಷ್ಟು ಬಿಸಿಯೋ ಅದರ ಮೈಯೊಳಗೂ ಅಷ್ಟೇ. ಆದ್ದರಿಂದ ಅದರೊಳಗೆ ಬೆಳೆಯುವ ವೈರಸ್ಸೋ ಮಲೇರಿಯಾ ಪರಾವಲಂಬಿಯೋ ಗಾಳಿಯ ಉಷ್ಣಾಂಶಕ್ಕೆ ತಕ್ಕ ವೇಗದಲ್ಲೇ ಬೆಳೆಯುತ್ತದೆ. ಇಲ್ಲಿ ಮುಖ್ಯ ಪ್ರಶ್ನೆ ಒಂದೇ: ರೋಗಿಯ ರಕ್ತ ಹೀರಿದ ಸೊಳ್ಳೆ, ತನ್ನೊಳಗಿನ ರೋಗಾಣು ಹದವಾಗಿ ಜೊಲ್ಲಿಗೆ ಬರುವಷ್ಟು ದಿನ ಬದುಕಿರುತ್ತದೆಯೇ? ಬಹುತೇಕ ಸೊಳ್ಳೆಗಳು ಬದುಕುವುದಿಲ್ಲ. ಹಾಗಾಗಿಯೇ ಎಲ್ಲ ಸೊಳ್ಳೆ ಕಡಿತದಿಂದಲೂ ಕಾಯಿಲೆ ಬರುವುದಿಲ್ಲ.

ಮಲೇರಿಯಾದ ಫಾಲ್ಸಿಪಾರಂ ಪರಾವಲಂಬಿಗೆ ಒಂದು ಹಳೆಯ ಸೂತ್ರವಿದೆ. ಉಷ್ಣಾಂಶದಿಂದ 16 ಕಳೆದು, ಬಂದದ್ದರಿಂದ 111ನ್ನು ಭಾಗಿಸಿದರೆ ಎಷ್ಟು ದಿನ ಬೇಕು ಎಂಬುದು ಸಿಗುತ್ತದೆ. 20 ಡಿಗ್ರಿಯಲ್ಲಿ 28 ದಿನ. 21 ಡಿಗ್ರಿಯಲ್ಲಿ 22 ದಿನ. 28 ಡಿಗ್ರಿಯಲ್ಲಿ ಒಂಬತ್ತೂಕಾಲು ದಿನ, 29ರಲ್ಲಿ ಎಂಟೂವರೆ. ಈಗ ಲೆಕ್ಕಕ್ಕೆಂದು ದಿನಕ್ಕೆ ಹತ್ತರಲ್ಲಿ ಒಂದು ಸೊಳ್ಳೆ ಸಾಯುತ್ತದೆ ಅಂತ ಇಟ್ಟುಕೊಳ್ಳೋಣ. 20 ಡಿಗ್ರಿಯ ಊರಿನಲ್ಲಿ ನೂರು ಸೊಳ್ಳೆ ರೋಗಿಯನ್ನು ಕಚ್ಚಿದರೆ 28ನೇ ದಿನಕ್ಕೆ ಉಳಿಯುವುದು ಐದು. ಅದೇ ಊರು ಒಂದು ಡಿಗ್ರಿ ಬೆಚ್ಚಗಾದರೆ ಹತ್ತು ಉಳಿಯುತ್ತವೆ. ನೇರ ಎರಡು ಪಟ್ಟು. 28 ಡಿಗ್ರಿಯ ಊರಿನಲ್ಲಿ ಮಾತ್ರ ಒಂದು ಡಿಗ್ರಿ ಏರಿದರೆ 38 ಇದ್ದದ್ದು 41 ಆಗುತ್ತದೆ, ಅಷ್ಟೆ.

ಎಂದರೆ ಒಂದು ಡಿಗ್ರಿಯ ಪೆಟ್ಟು ಜೋರಾಗಿ ಬೀಳುವುದು ತಂಪು ಊರುಗಳಿಗೆ. ಇದು ಬರೀ ಕಾಗದದ ಲೆಕ್ಕವಲ್ಲ. ಇಥಿಯೋಪಿಯಾ ಮತ್ತು ಕೊಲಂಬಿಯಾದ ಗುಡ್ಡಗಾಡುಗಳಲ್ಲಿ ಬೆಚ್ಚನೆಯ ವರ್ಷಗಳಲ್ಲಿ ಮಲೇರಿಯಾ ಎತ್ತರದ ಹಳ್ಳಿಗಳಿಗೆ ಏರಿದ್ದನ್ನು ಸಂಶೋಧಕರು ದಾಖಲಿಸಿದ್ದಾರೆ. ನೇಪಾಳದಲ್ಲಿ ಡೆಂಗಿ ಮೊದಲು ವರದಿಯಾದದ್ದು 2004ರಲ್ಲಿ. 2022ರಲ್ಲಿ ಅಲ್ಲಿ 54 ಸಾವಿರಕ್ಕೂ ಹೆಚ್ಚು ಪ್ರಕರಣಗಳಾದವು, ಅದೂ ಸಮುದ್ರಮಟ್ಟದಿಂದ 1,400 ಮೀಟರ್ ಎತ್ತರದ ಕಠ್ಮಂಡು ಕಣಿವೆಯನ್ನೂ ಸೇರಿಸಿ.

ಡೆಂಗಿಯ ವೈರಸ್ಸಿಗೂ ಇದೇ ಬಗೆಯ ಲೆಕ್ಕವಿದೆ. 25 ಡಿಗ್ರಿಯಲ್ಲಿ ಸೊಳ್ಳೆಯೊಳಗೆ ಹದವಾಗಲು ಸರಾಸರಿ 15 ದಿನ, 30 ಡಿಗ್ರಿಯಲ್ಲಿ ಆರೂವರೆ ದಿನ. ಈಡಿಸ್ ಈಜಿಪ್ಟೈ ಡೆಂಗಿ ಹರಡಲು ಅತ್ಯಂತ ಅನುಕೂಲ 29 ಡಿಗ್ರಿಯ ಆಸುಪಾಸು. 18ಕ್ಕಿಂತ ಕೆಳಗೆ, 34-35ಕ್ಕಿಂತ ಮೇಲೆ ಹರಡುವುದು ಹೆಚ್ಚುಕಡಿಮೆ ನಿಲ್ಲುತ್ತದೆ. ಮಲೇರಿಯಾಕ್ಕೆ ಆ ಹದ ಇನ್ನೂ ತಂಪು, ಸುಮಾರು 25 ಡಿಗ್ರಿ.

ಈ ಅಂಕಿಗಳನ್ನು ಕರ್ನಾಟಕದ ನಕ್ಷೆಯ ಮೇಲೆ ಹರಡಿ ನೋಡಿ. ಮುಂಗಾರಿನಲ್ಲಿ ಬೆಂಗಳೂರಿನ ಸರಾಸರಿ ಉಷ್ಣಾಂಶ 23-24 ಡಿಗ್ರಿ. ಡೆಂಗಿಯ ಹದಕ್ಕೆ ಇನ್ನೂ ಐದಾರು ಡಿಗ್ರಿ ಕೆಳಗೆ. ಅಲ್ಲಿಂದ ಮೇಲಕ್ಕೆ ಏರುವ ಪ್ರತಿ ಅರ್ಧ ಡಿಗ್ರಿಯೂ ಸೊಳ್ಳೆಯ ಕಡೆಗೇ ಹೋಗುತ್ತದೆ. ಚಿಕ್ಕಮಗಳೂರು, ಮಡಿಕೇರಿಗೂ ಇದೇ ಮಾತು. ಕಲಬುರಗಿ, ರಾಯಚೂರಿನ ಮೇ ತಿಂಗಳು ಬೇರೆ. 42 ಡಿಗ್ರಿ ಬಿಸಿಲಿನಲ್ಲಿ, ಒಣ ಗಾಳಿಯಲ್ಲಿ, ಸೊಳ್ಳೆಯ ಮೈ ನೀರು ಆರಿ ಬೇಗ ಸಾಯುತ್ತದೆ. ಅಲ್ಲಿ ಇನ್ನೊಂದು ಡಿಗ್ರಿ ಏರಿದರೆ ಮೇ ತಿಂಗಳ ಡೆಂಗಿ ಹೆಚ್ಚುವುದಕ್ಕೆ ಬದಲು ತಗ್ಗಬಹುದು. ಅದರಿಂದ ನೆಮ್ಮದಿಪಡುವ ಹಾಗಿಲ್ಲ. ಈಡಿಸ್ ಮನೆಯೊಳಗಿನ ಸೊಳ್ಳೆ. ಹೊರಗೆ ಸುಡುತ್ತಿದ್ದರೂ ಬಚ್ಚಲಿನ ಕತ್ತಲು ಮೂಲೆಯಲ್ಲಿ, ಮಂಚದ ಕೆಳಗೆ, ನೇತುಹಾಕಿದ ಬಟ್ಟೆಯ ಹಿಂದೆ ತಂಪು ಇರುತ್ತದೆ. ಅಲ್ಲೇ ಕಾದಿದ್ದು ಮಳೆ ಬಿದ್ದ ಮೇಲೆ ಹೆಚ್ಚಿಕೊಳ್ಳುತ್ತದೆ.

ಸರಾಸರಿ ಉಷ್ಣಾಂಶವೂ ಪೂರ್ತಿ ಕಥೆ ಹೇಳುವುದಿಲ್ಲ. ಹಗಲು ರಾತ್ರಿಗಳ ನಡುವೆ ಏರಿಳಿತ ದೊಡ್ಡದಿದ್ದರೆ ಸೊಳ್ಳೆಯೂ ಸೊರಗುತ್ತದೆ, ವೈರಸ್ ಹರಡುವುದೂ ತಗ್ಗುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಕಾಂಕ್ರೀಟ್ ತುಂಬಿದ ನಗರದಲ್ಲಿ ಹಗಲಿನ ಶಾಖ ಗೋಡೆ, ರಸ್ತೆಗಳಲ್ಲಿ ಉಳಿದು ರಾತ್ರಿ ತಂಪಾಗುವುದೇ ಕಡಿಮೆ. ಬೆಂಗಳೂರಿನ ರಾತ್ರಿ ಮೊದಲಿನಷ್ಟು ತಣ್ಣಗಿಲ್ಲ ಅಂತ ಹಳಬರು ಹೇಳುವಾಗ ಅದನ್ನು ಸುಮ್ನೆ ಹಳಹಳಿಕೆ ಎಂದು ತಳ್ಳಿಹಾಕಬಾರದು. ಸೊಳ್ಳೆಯ ಲೆಕ್ಕದಲ್ಲಿ ರಾತ್ರಿ ಏರಿದ ಒಂದೆರಡು ಡಿಗ್ರಿಗೂ ತೂಕವಿದೆ.

ಹವಾಮಾನದ ಮೇಲೆ ಎಲ್ಲ ಭಾರ ಹಾಕಬಾರದು

ಇಷ್ಟೆಲ್ಲ ಹೇಳಿದ ಮೇಲೆ ಎದುರು ಮಾತನ್ನೂ ಹೇಳಲೇಬೇಕು. ಹವಾಮಾನ ಬದಲಾವಣೆ ಎನ್ನುವುದು ಕೆಲವೊಮ್ಮೆ ಆಡಳಿತಕ್ಕೆ ಒಳ್ಳೆಯ ನೆಪವಾಗುತ್ತದೆ.

ನಮ್ಮ ನಾಡಿನ ಇತಿಹಾಸವನ್ನೇ ನೋಡಿ. ಕೃಷ್ಣರಾಜಸಾಗರ ಕಟ್ಟಿ, ಈಗ ವಿಶ್ವೇಶ್ವರಯ್ಯ ನಾಲೆ ಎನ್ನುವ ಅಂದಿನ ಇರ್ವಿನ್ ನಾಲೆಯಲ್ಲಿ ನೀರು ಹರಿದಾಗ ಮಂಡ್ಯದ ಬಯಲು ಹಸಿರಾಯಿತು. ಜೊತೆಗೆ ಮಲೇರಿಯಾವೂ ಬಂತು. ಮಳೆಯೂ ಬದಲಾಗಿರಲಿಲ್ಲ, ಸೆಖೆಯೂ ಬದಲಾಗಿರಲಿಲ್ಲ. ಬದಲಾದದ್ದು ನೀರು ನಿಲ್ಲುವ ಜಾಗ. ಸೋರುವ ಕಾಲುವೆ, ಗದ್ದೆಯ ಅಂಚಿನ ಗುಂಡಿಗಳಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಕ್ಯುಲಿಸಿಫೇಸಿಸ್ ಸೊಳ್ಳೆ ಹೆಚ್ಚಿತು. ಮೈಸೂರು ಸಂಸ್ಥಾನದ ಆರೋಗ್ಯ ಇಲಾಖೆ ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ಜೊತೆ ಸೇರಿ 1930ರ ದಶಕದಲ್ಲಿ ಈ ಪ್ರದೇಶದ ಮಲೇರಿಯಾವನ್ನು ಕೂಲಂಕಷವಾಗಿ ಅಧ್ಯಯನ ಮಾಡಿಸಿತು. ಮಲೆನಾಡಿನಲ್ಲಿ ಅದಕ್ಕೂ ಮೊದಲಿಂದಲೇ ಚಳಿಜ್ವರ ಹಳ್ಳಿಗಳನ್ನೇ ಖಾಲಿ ಮಾಡಿಸುತ್ತಿತ್ತು. ಅಲ್ಲಿ ಹಳ್ಳ, ತೊರೆಗಳ ಅಂಚಿನಲ್ಲಿ ಬೆಳೆಯುವ ಅನಾಫಿಲಿಸ್ ಫ್ಲುವಿಯಾಟಿಲಿಸ್ ಅದರ ಮೂಲ.

ಆಮೇಲೆ 1940ರ ದಶಕದ ಮಧ್ಯದಲ್ಲಿ, ಆಗಿನ ಬೊಂಬಾಯಿ ಪ್ರಾಂತ್ಯದಲ್ಲಿದ್ದ ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳಲ್ಲಿ ಡಾ. ಡಿ.ಕೆ. ವಿಶ್ವನಾಥನ್ ಮನೆ ಗೋಡೆಗಳಿಗೆ ಡಿಡಿಟಿ ಎಂಬ ಕೀಟನಾಶಕ ಹೊಡೆಸಿದರು. ಮಲೇರಿಯಾ ಗಣನೀಯವಾಗಿ ಇಳಿಯಿತು. 1953ರಲ್ಲಿ ದೇಶದ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಲು ಇಂಥ ಅನುಭವಗಳೇ ದಾರಿ ಮಾಡಿದವು. 1960ರ ದಶಕದ ನಡುವಿಗೆ ದೇಶದಲ್ಲಿ ಪ್ರಕರಣಗಳು ವರ್ಷಕ್ಕೆ ಒಂದು ಲಕ್ಷಕ್ಕೆ ಇಳಿದವು. ಕೆಲಸ ಸಡಿಲಾಯಿತು, ಸೊಳ್ಳೆ ಡಿಡಿಟಿಗೆ ಒಗ್ಗಿಕೊಂಡಿತು, 1976ರಲ್ಲಿ 64 ಲಕ್ಷಕ್ಕೆ ಏರಿತು. ಒಂದು ಲಕ್ಷದಿಂದ 64 ಲಕ್ಷಕ್ಕೆ ಹೋಗಲು ಬೇಕಾಗುವಷ್ಟು ಹವಾಮಾನ ಹತ್ತು ವರ್ಷದಲ್ಲಿ ಬದಲಾಗುವುದಿಲ್ಲ, ಅಲ್ವಾ?

ಮಂಗಳೂರು ಇನ್ನೊಂದು ಉದಾಹರಣೆ. 1990ರ ದಶಕದಿಂದ ಕಟ್ಟಡ ಕಾಮಗಾರಿ ಜೋರಾದ ಹಾಗೆ ಅಲ್ಲಿ ಮಲೇರಿಯಾ ಬೇರೂರಿತು. ಕಾಂಕ್ರೀಟ್ ಗಟ್ಟಿಯಾಗಲೆಂದು ನಿಲ್ಲಿಸಿದ ನೀರು, ತಳಪಾಯದ ಗುಂಡಿ, ತೆರೆದ ಟ್ಯಾಂಕುಗಳು ಅನಾಫಿಲಿಸ್ ಸ್ಟೀಫೆನ್ಸೈ ಎಂಬ ನಗರದ ಮಲೇರಿಯಾ ಸೊಳ್ಳೆಗೆ ಮನೆಯಾದವು. 2015ರಲ್ಲಿ ಟ್ಯಾಬ್ ಹಿಡಿದ ಸಿಬ್ಬಂದಿ ಪ್ರತಿ ಪ್ರಕರಣವನ್ನೂ ಅಂದಂದೇ ದಾಖಲಿಸಿ, ರೋಗಿಯ ಮನೆ ಸುತ್ತ ಹುಡುಕುವ ಪದ್ಧತಿ ಬಂತು. ಮುಂದಿನ ವರ್ಷಗಳಲ್ಲಿ ಪ್ರಕರಣಗಳು ಗಣನೀಯವಾಗಿ ಇಳಿದವು. ಮಂಗಳೂರಿನ ಮಳೆ ಎಂದಿನಂತೆಯೇ ಸುರಿಯುತ್ತಿತ್ತು.

ಡೆಂಗಿಯ ಏರಿಳಿತಕ್ಕೆ ಇನ್ನೂ ಒಂದು ಕಾರಣವಿದೆ. ವೈರಸ್ಸಿನಲ್ಲಿ ನಾಲ್ಕು ಬಗೆ. ಒಂದು ಬಗೆ ಬಂದುಹೋದ ಊರಿನಲ್ಲಿ ಅದಕ್ಕೆ ಪ್ರತಿರೋಧ ಉಳಿಯುತ್ತದೆ, ಬೇರೆ ಬಗೆ ಬಂದರೆ ಮತ್ತೆ ಹಬ್ಬುತ್ತದೆ. ಎರಡನೇ ಸಲ ಬೇರೆ ಬಗೆ ತಗಲಿದರೆ ಕಾಯಿಲೆ ಜೋರಾಗುವ ಸಂಭವ ಜಾಸ್ತಿ. 2006ರ ಚಿಕೂನ್‌ಗುನ್ಯಾ ನೆನಪಿದೆಯಲ್ಲ? ದೇಶದಲ್ಲಿ ಆ ವರ್ಷ ವರದಿಯಾದ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳಲ್ಲಿ 7.5 ಲಕ್ಷ ಕರ್ನಾಟಕದ್ದೇ. ಹಳ್ಳಿಗೆ ಹಳ್ಳಿಯೇ ಕೀಲು ಹಿಡಿದುಕೊಂಡು ಮಲಗಿತ್ತು. ದಶಕಗಳ ಕಾಲ ಕಾಣಿಸದ ವೈರಸ್ಸು, ಪ್ರತಿರೋಧವಿಲ್ಲದ ಜನ. ಈಡಿಸ್ ಮೊದಲೇ ಇತ್ತು, ವೈರಸ್ ಬಂದದ್ದೇ ತಡ.

ಒಂದು ತಿಂಗಳ ಮುನ್ಸೂಚನೆ

ಮಳೆಯಿಂದ ಜ್ವರದವರೆಗಿನ ದಿನಗಳನ್ನು ಈಗ ಕೂಡಿಸಿ ನೋಡೋಣ. ಮಳೆ ಬಿದ್ದು ಮೊಟ್ಟೆ ಒಡೆದು ಸೊಳ್ಳೆ ಹಾರಲು ಎಂಟು ಹತ್ತು ದಿನ. ಅದು ಡೆಂಗಿ ಇರುವವರನ್ನು ಕಚ್ಚಿ, ಒಳಗೆ ವೈರಸ್ ಹದವಾಗಲು ಹತ್ತರಿಂದ ಹದಿನೈದು ದಿನ. ಅದು ಇನ್ನೊಬ್ಬರನ್ನು ಕಚ್ಚಿದ ಮೇಲೆ ಜ್ವರ ಕಾಣಿಸಲು ನಾಲ್ಕರಿಂದ ಏಳು ದಿನ. ಪರೀಕ್ಷೆ ಆಗಿ ಇಲಾಖೆಯ ಪಟ್ಟಿಗೆ ಸೇರಲು ಇನ್ನೆರಡು ಮೂರು ದಿನ. ಒಟ್ಟು ಒಂದು ತಿಂಗಳು. ಇದು ಒಂದೇ ಸುತ್ತು. ಸುದ್ದಿಯಾಗುವಷ್ಟು ರೋಗಿಗಳಾಗಬೇಕಾದರೆ ಎರಡು ಸುತ್ತಾದರೂ ಬೇಕು. ಮೇ ನಡುವಿನ ಕೃತ್ತಿಕಾ ಮಳೆಯ ಫಲ ಆಸ್ಪತ್ರೆಯ ಹಾಸಿಗೆಗೆ ಬರುವುದು ಜೂನ್ ಕೊನೆಯಲ್ಲಿ, ಜುಲೈನಲ್ಲಿ.

ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿದ್ದು 2024ರ ಸೆಪ್ಟೆಂಬರ್ 3ರಂದು. ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ ದಂಡ ಹಾಕಲು ಅವಕಾಶ ಬಂತು. ಕಾನೂನು ಬಂದದ್ದು ಒಳ್ಳೆಯದೇ. ಆದರೆ ಆ ವರ್ಷದ ಮಟ್ಟಿಗೆ ಜುಲೈ, ಆಗಸ್ಟ್ ಆಗಲೇ ಕಳೆದಿತ್ತು. ರೋಗಿಗಳ ಸಂಖ್ಯೆ ನೋಡಿ ಕೆಲಸ ಶುರು ಮಾಡುವವರು ಯಾವತ್ತೂ ಒಂದೆರಡು ಸುತ್ತು ಹಿಂದೆಯೇ ಇರುತ್ತಾರೆ. ಫಾಗಿಂಗ್ ಹೊಗೆ ಹಾರುವ ಸೊಳ್ಳೆಯನ್ನು ಕೊಲ್ಲುತ್ತದೆ. ಡ್ರಮ್ಮಿನಲ್ಲಿರುವ ಪ್ಯೂಪಾಕ್ಕೆ ಹೊಗೆ ತಟ್ಟುವುದಿಲ್ಲ, ನಾಳೆ ಬೆಳಿಗ್ಗೆ ಅದು ಹಾರುತ್ತದೆ.

ಹವಾಮಾನ ನೋಡಿ ಕಾಯಿಲೆಯನ್ನು ಮೊದಲೇ ಹೇಳುವುದು ಹೊಸ ಕನಸೇನಲ್ಲ. 1908ರಲ್ಲಿ ಪಂಜಾಬಿನಲ್ಲಿ ಭಾರಿ ಮಳೆಯ ನಂತರ ಬಂದ ಮಲೇರಿಯಾ ಮೂರು ಲಕ್ಷಕ್ಕೂ ಹೆಚ್ಚು ಜನರನ್ನು ಕೊಂದಿತು. ಆ ಮೇಲೆ 1920ರ ದಶಕದಲ್ಲಿ ಸಿ.ಎ. ಗಿಲ್ ಎಂಬ ವೈದ್ಯಾಧಿಕಾರಿ ಮಳೆಯ ಪ್ರಮಾಣ, ಮಕ್ಕಳ ಗುಲ್ಮ ಊದಿಕೊಂಡ ಪ್ರಮಾಣ (ಅದು ಮಲೇರಿಯಾ ತಗಲಿದ್ದರ ಗುರುತು) ಮತ್ತು ಕಾಳಿನ ಬೆಲೆ ಇವನ್ನು ಕೂಡಿಸಿ ಮಲೇರಿಯಾ ಮುನ್ಸೂಚನೆ ಕೊಡುತ್ತಿದ್ದರು. ಕಾಳಿನ ಬೆಲೆ ಯಾಕೆ ಅಂದರೆ, ಹಸಿದವರನ್ನು ಮಲೇರಿಯಾ ಬೇಗ ಕೊಲ್ಲುತ್ತದೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇಷ್ಟು ಯೋಚಿಸಿದ್ದರು.

ಬೆಂಗಳೂರಿಗೂ ಇದರಲ್ಲಿ ಒಂದು ಪಾಲಿದೆ. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಹಿಡಿದ ರೊನಾಲ್ಡ್ ರಾಸ್, ಅದಕ್ಕೆ 14 ವರ್ಷ ಮೊದಲು ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದರು. ಬಂಗಲೆಯಲ್ಲಿ ಸೊಳ್ಳೆ ಕಾಟ. ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಹುಳುಗಳು ಒದ್ದಾಡುವುದನ್ನು ನೋಡಿ ತೊಟ್ಟಿ ಮಗುಚಿ ಹಾಕಿಸಿದರು. ಸೊಳ್ಳೆ ಇಳಿಯಿತು. ಊಟದ ಮೆಸ್ಸಿನಲ್ಲೂ ಹೀಗೇ ಮಾಡಿಸಿ ಎಂದು ಅಲ್ಲಿನ ಅಧಿಕಾರಿಗೆ ಹೇಳಿದರೆ, ಪ್ರಕೃತಿಯ ನಿಯಮಕ್ಕೆ ಕೈಹಾಕಬಾರದು ಎಂದು ಅವರು ಒಪ್ಪಲಿಲ್ಲವಂತೆ. ರಾಸ್ ತಮ್ಮ ಆತ್ಮಕಥನದಲ್ಲಿ ಇದನ್ನು ಬರೆದಿದ್ದಾರೆ.

ಈಗ ನಮ್ಮ ಕೈಯಲ್ಲಿ ರಾಸ್, ಗಿಲ್ ಇಬ್ಬರಿಗೂ ಇಲ್ಲದ ಸೌಲಭ್ಯಗಳಿವೆ. ಭಾರತೀಯ ವಿಜ್ಞಾನ ಸಂಸ್ಥೆಯ ಆರ್ಟ್‌ಪಾರ್ಕ್ ಎಂಬ ತಂತ್ರಜ್ಞಾನ ಕೇಂದ್ರ, ರಾಜ್ಯದ ಆರೋಗ್ಯ ಇಲಾಖೆಯ ಜೊತೆ ಸೇರಿ ಡೆಂಗಿ ಮುನ್ಸೂಚನೆಯ ಮಾದರಿ ರೂಪಿಸುವ ಕೆಲಸ ಮಾಡಿದೆ. ಪುಣೆಯ ತಂಡ ತನ್ನ ಮಾದರಿಯಿಂದ ಎರಡು ತಿಂಗಳ ಮೊದಲೇ ಎಚ್ಚರಿಕೆ ಕೊಡಬಹುದು ಎನ್ನುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಟೆಲಿಮೆಟ್ರಿಕ್ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದವರೆಗೆ ಇವೆ. ಇಷ್ಟು ದಟ್ಟವಾದ ಮಳೆಮಾಪಕಗಳ ಜಾಲ ಇರುವ ರಾಜ್ಯಗಳು ಕಡಿಮೆ. ಎಷ್ಟು ಮಳೆಯಾಯಿತು, ಬಿತ್ತನೆ ಮಾಡಬಹುದೇ ಎಂದು ರೈತರು ಅದರ ಆಧಾರದ ಮೇಲೆ ತೀರ್ಮಾನಿಸುತ್ತಾರೆ. ಅದೇ ಅಂಕಿ ಅದೇ ದಿನ ಆ ಊರಿನ ಆಶಾ ಕಾರ್ಯಕರ್ತೆಯ ಫೋನಿಗೂ ಹೋಗಲಿ ಎಂಬುದು ನನ್ನ ಬೇಡಿಕೆ. ಮಳೆ ಬಿದ್ದು ಮೂರು ದಿನ ಬಿಸಿಲು ಬಿಟ್ಟರೆ, ಏಳನೇ ದಿನದೊಳಗೆ ಆ ಪಂಚಾಯಿತಿಯ ಮನೆ ಮನೆಯ ಲಾರ್ವಾ ಸಮೀಕ್ಷೆ ಮುಗಿಯಬೇಕು. ಡ್ರಮ್ಮು ಬರೀ ಮಗುಚಿದರೆ ಸಾಲದು, ಒಳಗೋಡೆಯನ್ನು ನಾರಿನಿಂದ ಉಜ್ಜಬೇಕು, ಇಲ್ಲದಿದ್ದರೆ ಮೊಟ್ಟೆ ಉಳಿಯುತ್ತದೆ. ಮಗುಚಲಾಗದ ಸಂಪಿಗೆ ಲಾರ್ವಾ ತಿನ್ನುವ ಗಪ್ಪಿ ಮೀನು ಇಲ್ಲವೇ ಲಾರ್ವಾನಾಶಕ.

ಇದಕ್ಕೆ ಹಣ ಬಿಡುಗಡೆ ಆಗಬೇಕಾದದ್ದು ಭರಣಿ ಮಳೆಗೆ ಮೊದಲು, ಏಪ್ರಿಲ್ ಮೊದಲ ವಾರದಲ್ಲಿ. ಮನೆ ಮನೆ ಸುತ್ತುವವರಿಗೆ ದಿನಗೂಲಿ ಆಗಲೇ ನಿಗದಿಯಾಗಿರಬೇಕು. ಬರ ಬಿದ್ದ ವರ್ಷವಾದರೆ ಇನ್ನೂ ಬೇಗ. ಟ್ಯಾಂಕರ್ ನೀರು ಹಂಚಲು ಪಂಚಾಯಿತಿ, ಪಾಲಿಕೆಗಳು ಮಾಡುವ ವಾರ್ಡುವಾರು ಪಟ್ಟಿ ಇದೆಯಲ್ಲ, ಡ್ರಮ್ಮು ತುಂಬಿಟ್ಟುಕೊಂಡಿರುವ ಮನೆಗಳು ಎಲ್ಲಿವೆ ಎಂದು ಅದೇ ಹೇಳುತ್ತದೆ. ಸಮೀಕ್ಷೆಯನ್ನು ಆ ವಾರ್ಡುಗಳಿಂದ ಶುರು ಮಾಡಬಹುದು. ಜೊತೆಗೆ ಪ್ರತಿ ಮನೆಗೂ ಡ್ರಮ್ಮಿನ ಬಾಯಿಗೆ ಕಟ್ಟಲು ಒಂದೊಂದು ಬಲೆ ಬಟ್ಟೆ ಕೊಟ್ಟರೆ, ಟ್ಯಾಂಕರಿಗೆ ಆಗುವ ಖರ್ಚಿನ ಮುಂದೆ ಅದು ಯಾವ ಲೆಕ್ಕಕ್ಕೂ ಬರುವುದಿಲ್ಲ.